‘ರೋಗನಿರೋಧಕ ಶಕ್ತಿ ಹೆಚ್ಚಿಸಿ’ ಎಂಬ ಗೋಡೆಬರಹ ಅಳಿಸಿ, ದಿನದ ಲೆಕ್ಕ ಬರೆಸಿ

ಇವರಿಗೆ,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಆರೋಗ್ಯಾಧಿಕಾರಿಗಳು, ತಾಲ್ಲೂಕು ಆರೋಗ್ಯಾಧಿಕಾರಿಗಳು, ಗ್ರಾಮ ಪಂಚಾಯಿತಿ ಅಧ್ಯಕ್ಷರು ಹಾಗೂ ಪಿಡಿಒಗಳು

ವಿಷಯ: ಕೊರೊನಾ ಸೋಂಕಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ಜನರಿಗೆ ಸರಿಯಾಗಿ ತಿಳಿಸುವ ಕುರಿತು

ಮಾನ್ಯರೇ,

ಕೊರೊನಾ ಮುಗಿದ ಕಥೆ ಎಂದು ಬಹುಪಾಲು ಜನ ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹಿಂತೆಗೆದದ್ದು ತುರ್ತುಸ್ಥಿತಿಯನ್ನು ಮಾತ್ರ. ವೈರಾಣು ನಮ್ಮ ನಡುವೆಯೇ ಇದೆ. ಹೊಸ ತಳಿಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಎರಡೂ ಜಿಲ್ಲೆಗಳಲ್ಲಿ ಮೂರು ಸಂಗತಿಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಹಳೆಯ ಕರಪತ್ರಗಳು ಮತ್ತೆ ಹೊರಬರುತ್ತವೆ: ‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ, ಕೊರೊನಾ ಓಡಿಸಿ’. ಜ್ವರ ಎಂದು ಮೆಡಿಕಲ್ ಶಾಪಿಗೆ ಹೋದವರಿಗೆ ಮೊದಲ ದಿನವೇ ಸಿಗುವ ಮಾತ್ರೆ ಪೊಟ್ಟಣದಲ್ಲಿ ಉರಿಯೂತ ತಗ್ಗಿಸುವ ಒಂದು ಸ್ಟಿರಾಯ್ಡ್ ಸೇರಿರುತ್ತದೆ. ಇನ್ನು ‘ನಿಮ್ಮ ಇಮ್ಯೂನಿಟಿ ಎಷ್ಟಿದೆ ತಿಳಿಯಿರಿ’ ಎಂದು ಆಂಟಿಬಾಡಿ ಪರೀಕ್ಷೆಯ ಪ್ಯಾಕೇಜುಗಳ ಫಲಕ ಏಳುತ್ತದೆ. ಯಾರು ಅಚ್ಚು ಹಾಕಿಸಿದರು, ಯಾರು ಮಾರಿದರು ಎಂದು ಬೊಟ್ಟುಮಾಡಲು ಈ ಪತ್ರ ಬರೆಯುತ್ತಿಲ್ಲ. ಮೂರಕ್ಕೂ ತಾಯಿಬೇರು ಒಂದೇ ತಪ್ಪು ತಿಳಿವಳಿಕೆ: ರೋಗನಿರೋಧಕ ಶಕ್ತಿ ಎಂದರೆ ಟ್ಯಾಂಕಿನಲ್ಲಿ ತುಂಬಿಡುವ ನೀರು, ಹೆಚ್ಚಿದ್ದಷ್ಟೂ ಒಳ್ಳೆಯದು, ಅಳೆದು ನೋಡಬಹುದು ಎಂಬುದು.

ವಿಶ್ವೇಶ್ವರಯ್ಯ ನಾಲೆಯ ಬಯಲಿನ ರೈತರಿಗೆ ಈ ತಪ್ಪನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಭತ್ತ ಹೊಡೆ ಕಟ್ಟುವ ಹೊತ್ತಿಗೆ ಗದ್ದೆಯಲ್ಲಿ ನೀರು ನಿಲ್ಲಬೇಕು. ಅದೇ ನೀರು ತೆನೆ ಮಾಗಿ ಕೊಯ್ಲಿಗೆ ನಿಂತಾಗ ನುಗ್ಗಿದರೆ ಪೈರು ಮಲಗಿಬಿಡುತ್ತದೆ. ಎಷ್ಟು ನೀರು ಬಂತು ಎನ್ನುವುದಕ್ಕಿಂತ ಯಾವ ವಾರ ಬಂತು ಎನ್ನುವುದು ಫಸಲನ್ನು ತೀರ್ಮಾನಿಸುತ್ತದೆ. ಕೊರೊನಾ ಸೋಂಕಿನಲ್ಲಿ ಜನ ಬದುಕಿದ್ದೂ ಸತ್ತದ್ದೂ ಬಹುಮಟ್ಟಿಗೆ ಇದೇ ಲೆಕ್ಕದಲ್ಲಿ. ಆದ್ದರಿಂದ ಮೊದಲು ದೇಹದೊಳಗೆ ದಿನದಿನವೂ ಏನು ನಡೆಯುತ್ತದೆ ಎಂಬುದನ್ನು ತಮ್ಮ ಮುಂದಿಡುತ್ತೇವೆ. ನಮ್ಮ ಬೇಡಿಕೆಗಳು ಅದರಿಂದಲೇ ಹುಟ್ಟಿದವು.

ಉಸಿರಿನೊಂದಿಗೆ ಒಳಬಂದ ವೈರಾಣು ತನ್ನ ಮೈಮೇಲಿನ ಮುಳ್ಳು ಪ್ರೋಟೀನನ್ನು ನಮ್ಮ ಜೀವಕೋಶದ ‘ಎಸಿಇ2’ ಎಂಬ ಪ್ರೋಟೀನಿಗೆ ಸಿಕ್ಕಿಸುತ್ತದೆ. ಮೂಗಿನ ಒಳಪದರದಲ್ಲೂ ಶ್ವಾಸಕೋಶದ ಗಾಳಿಗೂಡುಗಳಲ್ಲೂ ಈ ಪ್ರೋಟೀನ್ ಇದೆ. ಕೋಶದೊಳಗೆ ಇಳಿದದ್ದು ಸುಮಾರು 30,000 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಕೋಶದ ಯಂತ್ರಗಳನ್ನೇ ಬಳಸಿಕೊಂಡು ಅದು ಕೆಲವೇ ಗಂಟೆಗಳಲ್ಲಿ ತನ್ನ ಪ್ರತಿಗಳನ್ನು ಹೊರಹಾಕಲು ತೊಡಗುತ್ತದೆ.

ಇದಕ್ಕೆ ಎದುರು ನಿಲ್ಲುವ ರಕ್ಷಣೆಯ ಮೊದಲ ಸಾಲು ಪ್ರತಿಕಾಯಗಳದ್ದಲ್ಲ (ಆಂಟಿಬಾಡಿ ಎಂದರೂ ಇವೇ). ಪರಕೀಯ ಆರ್‌ಎನ್‌ಎ ಕಂಡರೆ ಕೂಗುವ ಕಾವಲು ಪ್ರೋಟೀನುಗಳು ಪ್ರತಿ ಕೋಶದೊಳಗೂ ಇವೆ. ಅವು ಎಚ್ಚರಗೊಂಡರೆ ಕೋಶ ಇಂಟರ್‌ಫೆರಾನ್ ಎಂಬ ಸಂದೇಶವನ್ನು ಹೊರಬಿಡುತ್ತದೆ. ಅಕ್ಕಪಕ್ಕದ ಕೋಶಗಳಿಗೆ ಅದು ಊರ ಡಂಗುರ ಇದ್ದಂತೆ: ಕೇಳಿಸಿಕೊಂಡವು ನೂರಾರು ಜೀನುಗಳನ್ನು ಚಾಲೂ ಮಾಡಿ, ವೈರಾಣು ಬಂದರೂ ಪ್ರತಿಯಾಗದಂತೆ ಬಾಗಿಲು ಭದ್ರಪಡಿಸಿಕೊಳ್ಳುತ್ತವೆ. ಮೊದಲ ಒಂದೆರಡು ದಿನದಲ್ಲಿ ಈ ಡಂಗುರ ಸರಿಯಾಗಿ ಮೊಳಗಿದರೆ ಸೋಂಕು ಮೂಗು, ಗಂಟಲಿನಲ್ಲೇ ಮುಗಿಯುತ್ತದೆ. ಬಹುತೇಕ ಮಕ್ಕಳಲ್ಲಿ ಆದದ್ದು ಇದೇ. ಅವರ ಮೂಗಿನ ಕೋಶಗಳಲ್ಲಿ ಈ ಕಾವಲು ಮೊದಲಿನಿಂದಲೇ ಹೆಚ್ಚು ಚುರುಕಾಗಿರುತ್ತದೆ.

ಕೊರೊನಾ ವೈರಾಣುವಿನ ಕುಟಿಲತೆ ಇರುವುದೂ ಇಲ್ಲಿಯೇ. ಅದರ ‘ಎನ್‌ಎಸ್‌ಪಿ1’ ಎಂಬ ಪ್ರೋಟೀನ್ ನಮ್ಮ ಕೋಶದ ಪ್ರೋಟೀನ್ ತಯಾರಿಕೆಗೇ ಅಡ್ಡ ಕೂರುತ್ತದೆ. ‘ಓಆರ್‌ಎಫ್6’ ಎಂಬುದು ಇಂಟರ್‌ಫೆರಾನಿನ ಸಂದೇಶ ಕೋಶಕೇಂದ್ರ ಮುಟ್ಟದಂತೆ ತಡೆಯುತ್ತದೆ. ಡಂಗುರದ ಬಾಯಿಗೆ ಬಟ್ಟೆ ತುರುಕಿದಂತೆ. ಹಾಗಾಗಿಯೇ ಮೈಗೆ ಏನೂ ಅನ್ನಿಸದ ದಿನಗಳಲ್ಲೇ ವೈರಾಣು ಎಗ್ಗಿಲ್ಲದೆ ಹೆಚ್ಚುತ್ತದೆ, ಜ್ವರ ಬರುವ ಮುನ್ನವೇ ಮನೆಮಂದಿಗೆಲ್ಲ ಅಂಟುತ್ತದೆ. ‘ಆರಾಮಾಗಿದ್ದೀನಿ, ನನ್ನಿಂದ ಹರಡಲ್ಲ’ ಎಂಬ ಮಾತು ಇದಕ್ಕೇ ಸುಳ್ಳಾಗುತ್ತದೆ.

ಕೆಲವರಲ್ಲಿ ವೈರಾಣು ಬಾಯಿ ಕಟ್ಟುವ ಮೊದಲೇ ಡಂಗುರ ಕೆಟ್ಟಿರುತ್ತದೆ. 2020ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಂಶೋಧನೆಯೊಂದು ತೀವ್ರ ಕೊರೊನಾ ನ್ಯುಮೋನಿಯಾದ 987 ರೋಗಿಗಳನ್ನು ಪರೀಕ್ಷಿಸಿ, ಅವರಲ್ಲಿ 101 ಮಂದಿಯ ರಕ್ತದಲ್ಲಿ ಸ್ವಂತ ಇಂಟರ್‌ಫೆರಾನನ್ನೇ ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿರುವುದನ್ನು ತೋರಿಸಿತು. ಇಂಥ ಪ್ರತಿಕಾಯಗಳು ವಯಸ್ಸಾದಂತೆ ಹೆಚ್ಚುತ್ತವೆ. 70 ದಾಟಿದ ನೂರರಲ್ಲಿ ಸುಮಾರು ನಾಲ್ವರಲ್ಲಿ ಇವೆ. ನೋಡಲು ಗಟ್ಟಿಮುಟ್ಟಾಗಿದ್ದು, ಗದ್ದೆ ಕೆಲಸ ಮಾಡಿಕೊಂಡಿದ್ದ ಹಿರಿಯರು ವಾರದಲ್ಲಿ ಹೋಗಿಬಿಟ್ಟದ್ದು ಯಾಕೆ ಎಂದು ಇಂದಿಗೂ ಕೇಳುವ ಕುಟುಂಬಗಳಿವೆ. ಅವರಲ್ಲಿ ಕೆಲವರ ಮಟ್ಟಿಗಾದರೂ ಉತ್ತರ ಇದು. ಅವರು ಕಷಾಯ ಕುಡಿಯದ್ದಕ್ಕೆ ಸತ್ತರು ಎಂಬ ಭಾವನೆ ಮನೆಯವರ ಮನಸ್ಸಿನಲ್ಲಿ ಉಳಿಯುವಂಥ ಕರಪತ್ರಗಳನ್ನು ಹಂಚುವುದು ನ್ಯಾಯವಲ್ಲ.

ಜ್ವರದ ಬಗ್ಗೆ ಎರಡು ಮಾತು. ಮೊದಲ ಸಾಲಿನ ಕೋಶಗಳು ಬಿಡುವ ಸಂದೇಶ ಪ್ರೋಟೀನುಗಳಾದ ಸೈಟೊಕೈನ್‌ಗಳು ಮೆದುಳಿನ ತಾಪ ನಿಯಂತ್ರಣ ಕೇಂದ್ರವನ್ನು ಏರಿಸಿ ಇಟ್ಟದ್ದೇ ಜ್ವರ. ಅದು ರಕ್ಷಣೆಯ ಭಾಗ. ಮೈಕೈ ನೋವು ತಡೆಯಲಾಗದಿದ್ದರೆ ವಯಸ್ಕರು 500 ಅಥವಾ 650 ಮಿ.ಗ್ರಾಂ ಪ್ಯಾರಸಿಟಮಾಲ್ ತೆಗೆದುಕೊಳ್ಳಲಿ, ಎರಡು ಮಾತ್ರೆಗಳ ನಡುವೆ ಆರು ಗಂಟೆ ಅಂತರವಿರಲಿ. ನೆಗಡಿಗೆಂದು ಕೊಡುವ ಅನೇಕ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಬೆರೆತಿರುತ್ತದೆ. ಎರಡನ್ನೂ ನುಂಗಿದರೆ ಯಕೃತ್ತಿಗೆ ಪೆಟ್ಟು, ಮದ್ಯಪಾನಿಗಳಿಗೆ ಇನ್ನೂ ಬೇಗ.

ಈಗ ಎರಡನೇ ಸಾಲು. ವೈರಾಣುವಿನ ಚೂರುಗಳನ್ನು ಹೊತ್ತ ಡೆಂಡ್ರೈಟಿಕ್ ಕೋಶಗಳು ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ನಡೆಯುತ್ತವೆ. ಅಲ್ಲಿ ಸುಳಿಯುವ ಟಿ ಕೋಶ ಎಂಬ ಅಸಂಖ್ಯ ಬಿಳಿ ರಕ್ತಕಣಗಳಲ್ಲಿ ಈ ಚೂರನ್ನೇ ಗುರುತಿಸಬಲ್ಲದ್ದು ಲಕ್ಷಕ್ಕೊಂದು, ಹತ್ತು ಲಕ್ಷಕ್ಕೊಂದು. ಆ ಒಂದು ಸಿಕ್ಕಿ, ಒಡೆದು ಎರಡಾಗಿ, ನಾಲ್ಕಾಗಿ, ಲಕ್ಷಗಟ್ಟಲೆಯಾಗಿ ಶ್ವಾಸಕೋಶ ತಲುಪಬೇಕು. ಮೊದಲ ಸಲ ಸೋಂಕು ತಗುಲಿದವರಲ್ಲಿ ಇದಕ್ಕೆ ವಾರ ಹಿಡಿಯುತ್ತದೆ. ಈ ವಾರವನ್ನು ಯಾವ ಪುಡಿಯೂ ಯಾವ ಸಿರಪ್ಪೂ ಮೊಟಕುಗೊಳಿಸಲಾರದು. ಬಂದ ಮೇಲೆ ಕೊಲ್ಲುವ ಟಿ ಕೋಶಗಳು ಸೋಂಕಿತ ಕೋಶಗಳನ್ನು ಹುಡುಕಿ ಮುಗಿಸುತ್ತವೆ, ಸಹಾಯಕ ಟಿ ಕೋಶಗಳು ಬಿ ಕೋಶಗಳಿಗೆ ಬೆಂಬಲ ಕೊಡುತ್ತವೆ, ಬಿ ಕೋಶಗಳು ಪ್ರತಿಕಾಯ ತಯಾರಿಸುತ್ತವೆ. ಹೆಚ್ಚಿನವರ ರಕ್ತದಲ್ಲಿ ಪ್ರತಿಕಾಯ ಪರೀಕ್ಷೆಗೆ ಸಿಗುವುದು ಲಕ್ಷಣ ಕಂಡ ಎರಡನೇ ವಾರದಲ್ಲಿ. ಜ್ವರದ ನಾಲ್ಕನೇ ದಿನ ಆಂಟಿಬಾಡಿ ಪರೀಕ್ಷೆ ಮಾಡಿಸಿ ‘ಇಲ್ಲ’ ಎಂದು ಬಂದರೆ ಅದು ಸೋಂಕಿಲ್ಲ ಎಂಬುದಕ್ಕೂ ಶಕ್ತಿಯಿಲ್ಲ ಎಂಬುದಕ್ಕೂ ಸಾಕ್ಷಿಯಲ್ಲ.

ಮೊದಲ ಸಾಲು ಸೋತು ಎರಡನೇ ಸಾಲು ತಡವಾದರೆ ಬರುವುದೇ ಆ ಕೆಟ್ಟ ಘಟ್ಟ. ಆ ಹೊತ್ತಿಗೆ ವೈರಾಣು ಗಾಳಿಗೂಡುಗಳವರೆಗೆ ಇಳಿದಿರುತ್ತದೆ. ಅಲ್ಲಿ ಸತ್ತ ಕೋಶಗಳ ರಾಶಿ ಕಂಡು, ಕಸ ನುಂಗುವ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಇಂಟರ್‌ಲ್ಯೂಕಿನ್-6ರಂಥ ಸಂದೇಶಗಳನ್ನು ಒಂದೇ ಸಮನೆ ಬಿಡುತ್ತವೆ, ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ನುಗ್ಗುತ್ತವೆ, ರಕ್ತನಾಳಗಳ ಗೋಡೆ ಸಡಿಲವಾಗಿ ಗಾಳಿಗೂಡಿಗೆ ನೀರು ಸೋರುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೊಯ್ಲಿಗೆ ನಿಂತ ಗದ್ದೆಗೆ ನುಗ್ಗಿದ ನೀರು ಇದು. ಈ ಘಟ್ಟದಲ್ಲಿ ‘ಶಕ್ತಿ ಹೆಚ್ಚಿಸಿ’ ಎಂಬ ಸಲಹೆಗೆ ಅರ್ಥವೇ ಇಲ್ಲ. ಮಿತಿಮೀರಿದ ಉರಿಯೂತವೇ ಅಲ್ಲಿ ರೋಗ.

ಈ ಕುಸಿತ ಸಾಮಾನ್ಯವಾಗಿ ಲಕ್ಷಣ ಕಂಡ 5ರಿಂದ 10ನೇ ದಿನದೊಳಗೆ ಶುರುವಾಗುತ್ತದೆ. ಜ್ವರ ಇಳಿದು ‘ಪರವಾಗಿಲ್ಲ’ ಎಂದುಕೊಂಡ ಹೊತ್ತು ಅದು. ಆಮ್ಲಜನಕ ಇಳಿದಿದ್ದರೂ ಕೆಲವರಿಗೆ ಏದುಸಿರು ಗೊತ್ತಾಗುವುದಿಲ್ಲ, ಮಾತಾಡಿಕೊಂಡೇ ಇರುತ್ತಾರೆ. ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಲೇ ಇರುವುದರಿಂದ ಮೆದುಳು ಉಸಿರುಗಟ್ಟಿದ ಸೂಚನೆ ಕೊಡುವುದಿಲ್ಲ. ಅದಕ್ಕೇ ರಕ್ತದ ಆಮ್ಲಜನಕವನ್ನು ಬೆರಳಿನಲ್ಲೇ ಅಳೆಯುವ ಪಲ್ಸ್ ಆಕ್ಸಿಮೀಟರ್ ಬೇಕು, ಅದನ್ನು ಸರಿಯಾಗಿ ಹಿಡಿಯಲು ಬರಬೇಕು. ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಉಗುರುಬಣ್ಣ ಅಥವಾ ಮೆಹಂದಿ ಇಲ್ಲದ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಬೇಕು. 94 ಅಥವಾ ಮೇಲಿದ್ದು ಏದುಸಿರಿಲ್ಲದವರು ಮನೆಯೊಳಗೇ ಆರು ನಿಮಿಷ ನಡೆದು ಮತ್ತೆ ನೋಡಲಿ. 94ಕ್ಕಿಂತ ಕೆಳಗೆ ಹೋದರೆ ಅಥವಾ 3 ಅಂಕ ಕುಸಿದರೆ ಆಸ್ಪತ್ರೆಗೆ ಹೊರಡುವ ಹೊತ್ತು ಬಂತೆಂದೇ ಲೆಕ್ಕ. ಕೂತಾಗಲೇ 94ಕ್ಕಿಂತ ಕಡಿಮೆ ಇದ್ದವರನ್ನು ನಡೆಸಕೂಡದು. ಎಚ್.ಡಿ. ಕೋಟೆಯ ಹಾಡಿಗಳಂಥ ದೂರದ ಜಾಗಗಳಲ್ಲಿ 90ಕ್ಕೆ ಇಳಿಯಲಿ ಎಂದು ಕಾಯುತ್ತಾ ಕೂತರೆ ದಾರಿಯಲ್ಲೇ ಹೊತ್ತು ಮೀರುತ್ತದೆ.

ಸ್ಟಿರಾಯ್ಡ್ ವಿಚಾರದಲ್ಲಿ ನಮಗೆ ಅತಿ ಹೆಚ್ಚು ಕಳವಳವಿದೆ. ಸ್ಟಿರಾಯ್ಡ್ ಈ ರೋಗದಲ್ಲಿ ಜೀವ ಉಳಿಸಿದ ಔಷಧ, ಅನುಮಾನವಿಲ್ಲ. ಬ್ರಿಟನ್ನಿನ ‘ರಿಕವರಿ’ ಪ್ರಯೋಗದ ಫಲಿತಾಂಶ 2020ರ ಜೂನ್‌ನಲ್ಲಿ ಬಂತು. 2,104 ಮಂದಿಗೆ ದಿನಕ್ಕೊಮ್ಮೆ 6 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಅನ್ನು ಗರಿಷ್ಠ 10 ದಿನ ಕೊಟ್ಟು, ಕೊಡದ 4,321 ಮಂದಿಯೊಂದಿಗೆ ಹೋಲಿಸಲಾಯಿತು. ವೆಂಟಿಲೇಟರಿನಲ್ಲಿದ್ದವರಲ್ಲಿ 28 ದಿನದೊಳಗಿನ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿಯಿತು. ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26ರಿಂದ 23ಕ್ಕೆ ಇಳಿಯಿತು. ಆಮ್ಲಜನಕವೇ ಬೇಕಿರದವರಲ್ಲಿ ಮಾತ್ರ ಸಾವು 14ರ ಬದಲು ಸುಮಾರು 18 ಆಯಿತು. ಕೊನೆಯ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ, ಆದರೆ ಲಾಭದ ಸುಳಿವಂತೂ ಎಳ್ಳಷ್ಟೂ ಇಲ್ಲ.

ಕಾರಣ ಮೇಲಿನ ದಿನದ ಲೆಕ್ಕದಲ್ಲೇ ಇದೆ. ಸ್ಟಿರಾಯ್ಡ್ ಉರಿಯೂತವನ್ನು ತಣ್ಣಗಾಗಿಸುತ್ತದೆ, ಟಿ ಕೋಶಗಳನ್ನು ಕುಗ್ಗಿಸುತ್ತದೆ. ಎರಡನೇ ವಾರದ ಅತಿರೇಕದಲ್ಲಿ ಅದು ಬೇಕು. ಮೊದಲ ದಿನವೇ ನುಂಗಿದರೆ ವೈರಾಣು ಕಟ್ಟಿದ ಬಾಯಿಯನ್ನು ನಾವೇ ಇನ್ನಷ್ಟು ಬಿಗಿದಂತೆ. ರೋಗಿಗೆ ಅಂದೇ ಜ್ವರ ಬಿಡುತ್ತದೆ, ಮೈ ಹಗುರಾಗುತ್ತದೆ, ಮಾತ್ರೆ ಕೊಟ್ಟವರ ಮೇಲೆ ನಂಬಿಕೆ ಬರುತ್ತದೆ. ಒಳಗೆ ವೈರಾಣು ಹೆಚ್ಚುತ್ತಿರುತ್ತದೆ.

ಜೊತೆಗೆ ಸಕ್ಕರೆ. ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತೇ ಇರದವರಲ್ಲೂ. ಏರಿದ ಸಕ್ಕರೆಯಲ್ಲಿ ನ್ಯೂಟ್ರೋಫಿಲ್‌ಗಳು ಮಂಕಾಗುತ್ತವೆ. ಸಕ್ಕರೆ ಹತೋಟಿ ತಪ್ಪಿ ಕೀಟೋನ್ ಎಂಬ ಆಮ್ಲ ಏರಿದರೆ ರಕ್ತದಲ್ಲಿ ಬಿಡಿ ಕಬ್ಬಿಣದ ಅಂಶ ಹೆಚ್ಚುತ್ತದೆ, ಮ್ಯೂಕರ್ ಶಿಲೀಂಧ್ರಕ್ಕೆ ಅದೇ ಆಹಾರ. 2021ರಲ್ಲಿ ಕಪ್ಪು ಶಿಲೀಂಧ್ರವೆಂದು ನಾಡೇ ಬೆಚ್ಚಿದ ರೋಗದ ಹಿಂದೆ ಎದ್ದು ಕಂಡದ್ದು ಹತೋಟಿ ತಪ್ಪಿದ ಸಕ್ಕರೆ ಮತ್ತು ಅಂಕೆಯಿಲ್ಲದ ಸ್ಟಿರಾಯ್ಡ್‌ಗಳ ಜೋಡಿ. ಕೆನ್ನೆ ನೋವು, ಮೂಗಿನಿಂದ ಕಪ್ಪು ಸ್ರಾವ, ಕಣ್ಣು ಊತ, ಎರಡೆರಡಾಗಿ ಕಾಣುವುದು, ಹಲ್ಲು ಸಡಿಲವಾಗುವುದು ಇದರ ಸೂಚನೆಗಳು. ಒಂದು ಎಚ್ಚರಿಕೆಯನ್ನೂ ಇಲ್ಲೇ ಸೇರಿಸಬೇಕು. ಉಬ್ಬಸ, ಕೀಲುವಾತ, ಮೂತ್ರಪಿಂಡ ಕಸಿ ಮುಂತಾದ ಕಾರಣಕ್ಕೆ ವೈದ್ಯರ ಸಲಹೆಯಂತೆ ಮೊದಲಿನಿಂದಲೂ ಸ್ಟಿರಾಯ್ಡ್ ತೆಗೆದುಕೊಳ್ಳುವವರು ಈ ಪತ್ರ ಓದಿ ತಾವಾಗಿ ನಿಲ್ಲಿಸಬಾರದು. ಹಠಾತ್ತನೆ ಬಿಟ್ಟರೆ ಪ್ರಾಣಕ್ಕೇ ಅಪಾಯ.

ಆಂಟಿಬಾಡಿ ಪ್ಯಾಕೇಜುಗಳಿಗೆ ಬರೋಣ. ಮಾರುಕಟ್ಟೆಯಲ್ಲಿ ಎರಡು ಬಗೆಯ ಕಿಟ್‌ಗಳಿವೆ. ಒಂದು ಮುಳ್ಳು ಪ್ರೋಟೀನಿನ ವಿರುದ್ಧದ ಪ್ರತಿಕಾಯ ಹುಡುಕುತ್ತದೆ, ಇನ್ನೊಂದು ವೈರಾಣುವಿನ ಒಳಗಿನ ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರೋಟೀನಿನದ್ದನ್ನು. ಕೋವಿಶೀಲ್ಡ್ ಕಲಿಸುವುದು ಮುಳ್ಳು ಪ್ರೋಟೀನನ್ನು ಮಾತ್ರ. ಹಾಗಾಗಿ ಕೋವಿಶೀಲ್ಡ್ ಪಡೆದು ಸೋಂಕಾಗದವರು ಎರಡನೇ ಬಗೆಯ ಕಿಟ್‌ನಲ್ಲಿ ಪರೀಕ್ಷಿಸಿಕೊಂಡರೆ ‘ಇಲ್ಲ’ ಎಂದೇ ಬರುತ್ತದೆ. ಲಸಿಕೆ ಹಿಡಿದಿಲ್ಲ ಎಂದು ಅವರು ಗಾಬರಿಯಾಗುತ್ತಾರೆ. ಅಂಕಿ ಇಳಿದರೂ ಗಾಬರಿ. ರಕ್ತದಲ್ಲಿನ ಐಜಿಜಿ ಎಂಬ ಬಗೆಯ ಪ್ರತಿಕಾಯ ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯುವುದು ಅದರ ಗುಣ. ಮೂಳೆಮಜ್ಜೆಗೆ ಹೋಗಿ ನೆಲೆಸಿದ ಕೋಶಗಳು ಅದನ್ನು ಸ್ವಲ್ಪಸ್ವಲ್ಪವೇ ತಯಾರಿಸುತ್ತಿರುತ್ತವೆ, ನೆನಪಿನ ಬಿ ಮತ್ತು ಟಿ ಕೋಶಗಳು ಬೇರೆಡೆ ಕಾದಿರುತ್ತವೆ. ಈ ಕಿಟ್‌ಗಳು ನೆನಪಿನ ಕೋಶಗಳನ್ನು ಅಳೆಯಲಾರವು. 2003ರ ಸಾರ್ಸ್ ರೋಗದಿಂದ ಚೇತರಿಸಿಕೊಂಡವರಲ್ಲಿ 17 ವರ್ಷಗಳ ನಂತರವೂ ಆ ವೈರಾಣುವನ್ನು ಗುರುತಿಸುವ ಟಿ ಕೋಶಗಳು ಸಿಕ್ಕಿವೆ. ಒಮಿಕ್ರಾನ್ ಮುಳ್ಳು ಪ್ರೋಟೀನಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆ ತಂದು ಪ್ರತಿಕಾಯಗಳಿಂದ ಬಹುಪಾಲು ತಪ್ಪಿಸಿಕೊಂಡರೂ ಲಸಿಕೆ ಪಡೆದವರಲ್ಲಿ ಸಾವು ಕಡಿಮೆ ಇದ್ದದ್ದು ಟಿ ಕೋಶಗಳು ವೈರಾಣುವಿನ ಹತ್ತಾರು ಚೂರುಗಳನ್ನು ಗುರುತಿಡುವುದರಿಂದಲೂ ಹೌದು. ಪ್ರತಿಕಾಯವೊಂದೇ ಸಾಲದು, ಅದೂ ತಡವಾಗಿ ಕೊಟ್ಟರೆ ಫಲವಿಲ್ಲ ಎಂಬುದು ನಮ್ಮ ದೇಶದಲ್ಲೇ ರುಜುವಾತಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ, ಚೇತರಿಸಿಕೊಂಡವರ ಪ್ರತಿಕಾಯವಿರುವ ರಕ್ತದ್ರವವನ್ನು ಕೊಡುವ ಪ್ಲಾಸ್ಮಾ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ, 2021ರ ಮೇ ತಿಂಗಳಲ್ಲಿ ಅದನ್ನು ಮಾರ್ಗಸೂಚಿಯಿಂದ ಕೈಬಿಡಲಾಯಿತು.

‘ಬೂಸ್ಟರ್’ ಸಾಮಗ್ರಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಶುಂಠಿ, ಮೆಣಸು ಹಾಕಿದ ಬಿಸಿ ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಆದರೆ 60,000 ಯೂನಿಟ್ಟಿನ ವಿಟಮಿನ್ ಡಿಯನ್ನು ವಾರಕ್ಕೊಂದರ ಬದಲು ದಿನಕ್ಕೊಂದು ನುಂಗಿದರೆ ರಕ್ತದ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ. ಜಿಂಕ್ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ದೇಹದ ತಾಮ್ರದ ಅಂಶ ಇಳಿದು ರಕ್ತಹೀನತೆ ಬರುತ್ತದೆ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೂ ಯಕೃತ್ತಿನ ತೊಂದರೆ ಇರುವವರು, ಸ್ವಂತ ದೇಹದ ಮೇಲೇ ರಕ್ಷಣಾ ಕೋಶಗಳು ತಿರುಗಿಬೀಳುವ ಕಾಯಿಲೆಯವರು ದೂರವಿರುವುದೇ ಕ್ಷೇಮ.

ನಿಜವಾಗಿ ‘ಹೆಚ್ಚಿಸುವುದು’ ಎಂದರೆ ಸಮಯ ಉಳಿಸುವುದು. ಲಸಿಕೆ ಮಾಡುವುದು ಅಷ್ಟೇ: ಲಕ್ಷಕ್ಕೊಂದನ್ನು ಹುಡುಕುವ ಆ ವಾರದ ಕೆಲಸವನ್ನು ಮೊದಲೇ ಮಾಡಿಸಿಡುತ್ತದೆ. ನೆನಪಿನ ಕೋಶಗಳಿದ್ದವರಲ್ಲಿ ಎರಡನೇ ಸಾಲು ಕೆಲವೇ ದಿನಗಳಲ್ಲಿ ಎದ್ದು ನಿಲ್ಲುತ್ತದೆ. ಚುಚ್ಚಿದ ರಾತ್ರಿ ಬರುವ ಜ್ವರವೂ ಮೊದಲ ಸಾಲಿನ ಕೂಗೇ. ಮಿಕ್ಕಂತೆ ಸಕ್ಕರೆ ಹತೋಟಿ, ನಿದ್ದೆ, ಹುರುಳಿ, ಅವರೆ, ಮೊಟ್ಟೆಯಂಥ ಪ್ರೋಟೀನ್ ಇರುವ ಊಟ, ಬೀಡಿ ಬಿಡುವುದು. ಹೊಗೆ ಉಸಿರುನಾಳದ ಸಣ್ಣ ರೋಮಗಳನ್ನು ಜಡಗೊಳಿಸುತ್ತದೆ, ಆಲೆಮನೆಯ ಒಲೆ ಮುಂದೆ ದುಡಿಯುವವರಿಗೆ ಈ ಮಾತು ಇನ್ನೂ ಅಗತ್ಯ.

ಆದ್ದರಿಂದ ನಮ್ಮ ಬೇಡಿಕೆಗಳು. ಪಂಚಾಯಿತಿ ಗೋಡೆಗಳ ಮೇಲಿನ ಹಳೆಯ ಬರಹ ಅಳಿಸಿ, ಕೆಳಗೆ ಕೊಟ್ಟಿರುವ ಬರಹ ಬರೆಸಿ. ಆಶಾ ಕಾರ್ಯಕರ್ತೆಯರು ಜ್ವರದ ಮನೆಗೆ ಹೋದಾಗ ಮೊದಲು ಕೇಳಬೇಕಾದದ್ದು ‘ಎಷ್ಟನೇ ದಿನ?’ ಎಂದು, ಅದನ್ನು ಬರೆದುಕೊಳ್ಳಲು ಅವರ ಪುಸ್ತಕದಲ್ಲಿ ಒಂದು ಕಾಲಂ ಸೇರಿಸಿ, 5, 7 ಮತ್ತು 9ನೇ ದಿನ ಫೋನಿನಲ್ಲಾದರೂ ವಿಚಾರಿಸಲು ಸೂಚಿಸಿ. ಪ್ರತಿ ಉಪಕೇಂದ್ರದಲ್ಲಿ ಬ್ಯಾಟರಿ ಸಮೇತ ಕೆಲಸ ಮಾಡುವ ಎರಡು ಆಕ್ಸಿಮೀಟರ್ ಇರಲಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಮಿಥೈಲ್‌ಪ್ರೆಡ್ನಿಸೊಲೋನ್ ವೈದ್ಯರ ಚೀಟಿಯಿಲ್ಲದೆ ಮಾರುವಂಥವಲ್ಲ. ಬಿಡಿ ಮಾತ್ರೆ ಪೊಟ್ಟಣಗಳ ತಪಾಸಣೆಗೆ ಔಷಧ ನಿಯಂತ್ರಣ ಇಲಾಖೆಯನ್ನು ಒತ್ತಾಯಿಸಿ. ಆಸ್ಪತ್ರೆಯಲ್ಲಿ ಸ್ಟಿರಾಯ್ಡ್ ಶುರು ಮಾಡಿದ ಪ್ರತಿ ರೋಗಿಯ ಸಕ್ಕರೆಯನ್ನು ಆ ದಿನದಿಂದಲೇ ನೋಡಲಿ. ಆಂಟಿಬಾಡಿ ವರದಿಯ ಕೊನೆಯಲ್ಲಿ ಯಾವ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಎಂಬುದನ್ನೂ, ‘ಈ ಅಂಕಿ ನಿಮ್ಮ ರಕ್ಷಣೆಯ ಅಳತೆಯಲ್ಲ’ ಎಂಬ ಸಾಲನ್ನೂ ಕನ್ನಡದಲ್ಲಿ ಮುದ್ರಿಸುವಂತೆ ಪ್ರಯೋಗಾಲಯಗಳಿಗೆ ತಿಳಿಸಿ. ಸೋಂಕಾದ 2ರಿಂದ 6 ವಾರದ ನಂತರ ಮಗುವಿಗೆ ಬಿಡದ ಜ್ವರ, ಹೊಟ್ಟೆನೋವು, ಕೆಂಗಣ್ಣು, ಮೈಮೇಲೆ ಗಂಧೆ ಬಂದರೆ ತಡಮಾಡದೆ ಮಕ್ಕಳ ತಜ್ಞರಿಗೆ ತೋರಿಸಬೇಕೆಂದು ಅಂಗನವಾಡಿಗಳಿಗೂ ಗೊತ್ತಿರಲಿ.

ಗೋಡೆಗೆ ಈ ಬರಹ ಸಾಕು:

“ಜ್ವರ, ಕೆಮ್ಮು ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು 1ನೇ ದಿನ. ಮನೆಯಲ್ಲೂ ಮಾಸ್ಕ್ ಹಾಕಿ, ಹಿರಿಯರಿಂದ ದೂರ ಮಲಗಿ. ವೈದ್ಯರ ಚೀಟಿ ಇಲ್ಲದೆ ಸ್ಟಿರಾಯ್ಡ್ ಬೇಡ. 5ರಿಂದ 10ನೇ ದಿನದವರೆಗೆ, ಜ್ವರ ಬಿಟ್ಟಿದ್ದರೂ, ಬೆಳಿಗ್ಗೆ ಸಂಜೆ ಆಮ್ಲಜನಕ ನೋಡಿ. 94ಕ್ಕಿಂತ ಕಡಿಮೆ ಬಂದರೆ, ಏದುಸಿರು, ಎದೆನೋವು, ಮಂಪರು ಕಂಡರೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರು, 60 ದಾಟಿದವರು 1ನೇ ದಿನವೇ ವೈದ್ಯರನ್ನು ಕಾಣಿ.”

ತಾಲ್ಲೂಕು ಮಟ್ಟದ ಆಶಾ ಸಭೆಗಳಿಗೆ ಕರೆದರೆ ಆಕ್ಸಿಮೀಟರ್ ಹಿಡಿಯುವ ಕ್ರಮ ಮತ್ತು ದಿನದ ಲೆಕ್ಕವನ್ನು ಹೇಳಿಕೊಡಲು ನಾವು ನಮ್ಮ ಖರ್ಚಿನಲ್ಲೇ ಬರಲು ಸಿದ್ಧರಿದ್ದೇವೆ. ಶಾಲೆಗಳು ತೆರೆದು ಮಳೆಗಾಲದ ಜ್ವರಗಳು ಶುರುವಾಗುವ ಮೊದಲು ದಿನಾಂಕ ಗೊತ್ತುಮಾಡಿ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಮೈಸೂರು ಮತ್ತು ಮಂಡ್ಯ ಭಾಗದ ಕೆಲವು ವೈದ್ಯರು, ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕರು ಹಾಗೂ ಪ್ರಯೋಗಾಲಯ ತಂತ್ರಜ್ಞರು